ಗುಳ್ಳವ್ವನಿಗೆ ಗುಲಗಂಜಿ ಕಣ್ಣು

ಗುಲಗಂಜಿಯ ಮೈ ಕೆಂಪು, ಒಂದು ತುದಿ ಕಪ್ಪು. ಹಸಿ ಮಣ್ಣಿನ ಮುಖಕ್ಕೆ ಅದನ್ನು ಒತ್ತುವಾಗ ಕಪ್ಪು ತುದಿ ಹೊರಗೆ ಕಾಣಬೇಕು. ಆಗಲೇ ಗುಳ್ಳವ್ವ ಕಣ್ಣು ಬಿಡುತ್ತಾಳೆ. ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ಕಡೆಯ ಊರೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಬೆರಳು ಹಿಡಿದು ಇದನ್ನೇ ತಿದ್ದುತ್ತಿದ್ದರು. “ಕರೇದು ಹೊರಗ ಬರ್ಲಿ ನನ್ನವ್ವ. ಇಲ್ಲಂದ್ರ ಆಕಿ ನಮ್ಮನ್ನ ಹ್ಯಾಂಗ ನೋಡ್ಯಾಳು?”

ಧಾರವಾಡ ಜಿಲ್ಲೆಯ ಬಯಲು ಸೀಮೆಯಲ್ಲಿ ಹಬ್ಬಕ್ಕೆ ಮನೆ ಸಿಂಗರಿಸುವುದೆಂದರೆ ಮೊದಲು ಮಣ್ಣಿಗೆ ಕೈ ಹಾಕುವುದು. ಗೋಡೆಗೆ ಸುಣ್ಣ, ತುಳಸಿಕಟ್ಟೆಗೆ ಹುರಮಂಜು, ನೆಲಕ್ಕೆ ಸಗಣಿಯ ಸಾರಣೆ, ಬಾಗಿಲಿಗೆ ರಂಗೋಲಿ ಇವೆಲ್ಲ ಎಲ್ಲ ಕಡೆಯೂ ಇರುವವೇ. ಇಲ್ಲಿಯ ವಿಶೇಷ ಬೇರೆ. ಮುಂಗಾರು ಮಳೆ ಬಿದ್ದ ಮೇಲೆ ಈ ಭಾಗದ ಮನೆಗಳಲ್ಲಿ ಮಣ್ಣಿಗೆ ಐದು ಸಲ ಪೂಜೆ ಸಲ್ಲುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅದೇ ತಿಂಗಳ ಅಷ್ಟಮಿಗೆ ಹುಟ್ಟಿ ಏಳು ದಿನ ಬಾಳುವ ಜೋಕುಮಾರ. ಬಿತ್ತನೆಗೆ ನೆಲ ಹದವಾಗುವ ಹೊತ್ತಿಗೆ ಶುರುವಾಗಿ, ಮುಂಗಾರಿನ ಬೆಳೆ ಕೈಗೆ ಬರುವ ಹೊತ್ತಿಗೆ ಈ ಸಾಲು ಮುಗಿಯುತ್ತದೆ. ಅಜ್ಜಿ ಅದನ್ನು ಬೆರಳು ಮಡಚಿ ಎಣಿಸಿ, “ಹೊಟ್ಟಿಗೆ ಹಾಕೂ ಮಣ್ಣಿಗೆ ನಾವು ಐದು ಸಲಾನರೆ ಕೈ ಮುಗೀಬೇಕಲ್ಲರಿ?” ಎಂದರು. ಇದರ ಇತಿಹಾಸ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟೇ. ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗೂ ಅನಿಸಲಿಲ್ಲ.

ಸಾಲಿನಲ್ಲಿ ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆಗೆ ಜೀವಂತ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿದಾಗಿರುತ್ತದೆ. ಹದಿನೈದು ದಿನ ಬಿಟ್ಟು ಮಣ್ಣಿನ ಜೋಡೆತ್ತು ದೇವರ ಜಗಲಿ ಏರುತ್ತವೆ. ಅವುಗಳ ಮುಂದೆ ಮಣ್ಣಿನದೇ ಒಂದು ಪುಟ್ಟ ಗೋದಲಿ. ಕುಂಬಾರರು ಎತ್ತು ಮಾಡಿ ಮನೆಮನೆಗೆ ಕೊಟ್ಟು ಕಾಳು ಪಡೆಯುವ ರೂಢಿ ಹಲವು ಊರುಗಳಲ್ಲಿತ್ತು. ಮನೆಯವರೇ ಮಾಡಿಕೊಳ್ಳುವುದೂ ಇತ್ತು. ಹಬ್ಬದ ಮರುದಿನ ಹುಡುಗರದು. ಕಾಲು ಮುರಿದ ಮಣ್ಣೆತ್ತನ್ನು ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ದುಡಿದು ಕಾಲು ಸೋತ ಎತ್ತಿಗೂ ಊರಿನ ಪ್ರತಿ ಮನೆಯಿಂದ ಪಾಲು ಬರಬೇಕು ಎನ್ನುವ ನ್ಯಾಯವನ್ನು ಮಕ್ಕಳು ಆಟವಾಡುತ್ತಲೇ ಕಲಿಯುತ್ತಾರೆ.

ಗುಳ್ಳವ್ವ ಬರುವುದು ಅದರ ಬೆನ್ನಿಗೆ, ಆಷಾಢದ ಮಂಗಳವಾರಗಳಂದು. ಇದು ಪೂರ್ತಿ ಹೆಣ್ಣುಮಕ್ಕಳ ಹಬ್ಬ. ಪುರೋಹಿತರಿಲ್ಲ, ಗುಡಿಯಿಲ್ಲ. ಮಣ್ಣು ತರಲು ಹೋಗುವುದೇ ಒಂದು ಸಂಭ್ರಮ. ಓಣಿಯ ಹುಡುಗಿಯರು ಸೇರಿ, ಬುಟ್ಟಿ ಹಿಡಿದು, ಹಾಡುತ್ತ ಹಳ್ಳದ ದಂಡೆಗೋ ಕೆರೆಯಂಗಳಕ್ಕೋ ಹೋಗುತ್ತಾರೆ. ಅಜ್ಜಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾರೆ. ಬೆರಳಿನ ಗೆರೆ ಅದರಲ್ಲಿ ಸ್ಪಷ್ಟವಾಗಿ ಮೂಡಿದರೆ ಆಯಿತು, ಪುಡಿಯಾಗಿ ಉದುರಿದರೆ ಬೇರೆ ಕಡೆ ಅಗೆಯಬೇಕು.

ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನ ಕಷ್ಟ ತಿಳಿಯುತ್ತದೆ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿಯ ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬೀಳುವುದು ಇದೇ ಕಾರಣಕ್ಕೆ. ಗುಳ್ಳವ್ವನ ಮೈ ಬಿರಿಯಬಾರದಲ್ಲ! ಅದಕ್ಕೆ ಅಜ್ಜಿ ಹರಳು, ಬೇರು ಆರಿಸಿ ತೆಗೆದು, ಚೂರು ಹತ್ತಿಯ ಅರಳೆ ಬೆರೆಸಿ ಮಣ್ಣನ್ನು ಕುಟ್ಟುತ್ತಾರೆ. ರೊಟ್ಟಿ ಹಿಟ್ಟಿನಂತೆ ನಾದುತ್ತಾರೆ. ಹಲಗೆಯ ಮೇಲೆ ಬುಡ ಅಗಲವಾಗಿ, ಮೇಲೆ ಹೋದಂತೆ ಸಣ್ಣಗಾಗುವ ಮೈ ನಿಲ್ಲಿಸುತ್ತಾರೆ. ಎರಡು ಬೆರಳಲ್ಲಿ ಚಿವುಟಿದರೆ ಮೂಗು. ಕೈಕಾಲುಗಳ ಗೋಜಿಗೆ ಅವರು ಹೆಚ್ಚು ಹೋಗುವುದಿಲ್ಲ. ಅವರ ಲಕ್ಷ್ಯವೆಲ್ಲ ಒಡವೆಯ ಮೇಲೆ.

ಒಡವೆ ಎಂದರೆ ಕಾಳು. ಬಿಳಿ ಹೊಳಪಿನ ಕುಸುಬಿ ಕಾಳು ಸಾಲಾಗಿ ಒತ್ತಿದರೆ ಕೊರಳಿಗೆ ಮುತ್ತಿನ ಸರ. ಜೋಳದ ಕಾಳು ಡಾಬಿಗೆ, ಹೆಸರು ಕಾಳು ಸೀರೆಯ ಅಂಚಿಗೆ. ಕೆಂಪು ಗುಲಗಂಜಿ ಕಣ್ಣಿಗೂ ಬೇಕು, ಹಣೆಗೂ ಬೇಕು. ಇದಕ್ಕೆ ಸಮಯದ ಲೆಕ್ಕವಿದೆ. ಮಣ್ಣು ತೀರ ಹಸಿಯಿದ್ದರೆ ಕಾಳು ಒಳಗೆ ಮುಳುಗುತ್ತದೆ, ಆರಿದರೆ ಕಚ್ಚುವುದಿಲ್ಲ. ನಡುವಿನ ಸ್ವಲ್ಪ ಹೊತ್ತಿನಲ್ಲಿ ನೂರಾರು ಕಾಳು ಕೂರಬೇಕು. ಆದ್ದರಿಂದಲೇ ಸುತ್ತ ಮಕ್ಕಳು ಬೇಕು. ಒಬ್ಬಳು ಕಾಳು ಆರಿಸಿ ಕೊಡುತ್ತಾಳೆ, ಒಬ್ಬಳು ಒತ್ತುತ್ತಾಳೆ, ಒಬ್ಬಳು ಒದ್ದೆ ಬಟ್ಟೆ ಹಿಡಿದು ಕೂರುತ್ತಾಳೆ. ಕೊನೆಗೆ ತಲೆಗೆ ಹೂವು, ನವಿಲುಗರಿ. ಸಂಜೆ ಆರತಿ, ಹಾಡು. ಕಡೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಗುಳ್ಳವ್ವನನ್ನು ಹೊಲ, ಹಳ್ಳದ ಕಡೆ ಒಯ್ದು, ಕೂಡಿ ಉಂಡು, ನೀರಿಗೆ ಬಿಟ್ಟು ಬರುತ್ತಾರೆ.

ಅಜ್ಜಿಗೆ ಯಾರೂ ಕೂರಿಸಿ ಕಲಿಸಿಲ್ಲ. “ನಮ್ಮವ್ವ ಮಾಡೂದು ನೋಡಿ ಕಲತೆ. ಆಕಿ ಕೈಗೆ ಕಾಳು ಕೊಟ್ಟು ಕೊಟ್ಟು ನನ್ನ ಕೈಗೂ ಬಂತು” ಎನ್ನುತ್ತಾರೆ. ಕಾಳು ಎತ್ತಿ ಕೊಡುವ ಮಗುವೇ ಮುಂದೆ ಗುಳ್ಳವ್ವನನ್ನು ಮಾಡುವವಳು. ಈ ಕಲೆಗೆ ಇದ್ದ ಶಾಲೆ ಅದೊಂದೇ.

ದೀಪಾವಳಿಗೆ ಮಣ್ಣಿನ ಜಾಗಕ್ಕೆ ಸಗಣಿ ಬರುತ್ತದೆ. ಪಾಡ್ಯದ ದಿನ ಹೆಣ್ಣುಮಕ್ಕಳು ಸಗಣಿಯಲ್ಲಿ ಪಾಂಡವರನ್ನು ಮಾಡಿ ಬಾಗಿಲ ಬಳಿ, ಗೋದಲಿಯ ಹತ್ತಿರ, ತಿಪ್ಪೆಯ ಮೇಲೆ ಇಡುತ್ತಾರೆ. ನೆತ್ತಿಗೆ ಉತ್ತರಾಣಿ ಕಡ್ಡಿ, ಗುರೆಳ್ಳಿನ ಹಳದಿ ಹೂವು, ಚೆಂಡು ಹೂವು. ಹಳೆಯ ಮಣ್ಣಿನ ಮನೆಗಳಲ್ಲಿ ದನ ಕಟ್ಟುವ ಅಂಕಣವೂ ಜನ ಕೂರುವ ಪಡಸಾಲೆಯೂ ಒಂದೇ ಸೂರಿನಡಿ ಇದ್ದವು. ಹೀಗಾಗಿ ಮನೆಯ ಸಿಂಗಾರ ಗೋದಲಿಯನ್ನು ಬಿಟ್ಟು ಆಗುತ್ತಿರಲಿಲ್ಲ. ಮುಂದೆ ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆಯ ಗೊಂಬೆಗಳ ಆರತಿ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ, ಜಮಖಾನೆಗೆ ಹೆಸರಾದ ನವಲಗುಂದ ಇರುವ ಜಿಲ್ಲೆ ಇದು. ಆ ತೊಟ್ಟಿಲು, ಜಮಖಾನೆ ಪೇಟೆಗೆ ಬಂದವು, ಹೊರಗಿನವರೂ ಗುರುತಿಸಿದರು. ಮನೆಯಲ್ಲೇ ಮಾಡುವ ಗುಳ್ಳವ್ವನ ಹೆಸರು ಹಾಗೆ ಹೊರಗೆ ಹಬ್ಬಲಿಲ್ಲ.

ಈಗ ಸಂತೆಯಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ, ಬಣ್ಣ ಬಳಿದ ಜೋಡೆತ್ತು ಸಿಗುತ್ತವೆ. ಪ್ಲಾಸ್ಟಿಕ್ ತೋರಣ ವರ್ಷವಿಡೀ ಬಾಗಿಲಲ್ಲಿ ಜೋತಾಡುತ್ತದೆ. ಜನ ಬದಲಾದರು ಎಂದು ದೂರುವುದು ಸುಲಭ, ಆದರೆ ಬದಲಾಗಿದ್ದು ಹೊಲವೂ ಹೌದು. ಉಳುಮೆಗೆ ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಯಲ್ಲಿ ಪಾಂಡವರಿಗೆ ಸಗಣಿಯನ್ನು ಬೇರೆಯವರ ಮನೆಯಿಂದ ತರಬೇಕು. ಜೋಳ, ಕಡಲೆಯ ಹೊಲದ ಅಂಚಿಗೆ ಒಂದೆರಡು ಸಾಲು ಕುಸುಬಿ ಹಾಕುವ ಪದ್ಧತಿಯಿತ್ತು. ಅದರ ಮುಳ್ಳಿಗೆ ಅಂಜಿ ದನ ಒಳಗೆ ನುಗ್ಗುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ಆ ಸಾಲು ಹೋದ ಮೇಲೆ ಗುಳ್ಳವ್ವನ ಮುತ್ತಿನ ಸರವೂ ಹೋಯಿತು. ಗುರೆಳ್ಳಿನ ಅಕ್ಕಡಿ ಸಾಲು ನಿಂತಲ್ಲಿ ಪಾಂಡವರ ತಲೆಯ ಹಳದಿ ಹೂವು ನಿಂತಿತು. ಅಜ್ಜಿಯೂ ಈಗ ಕುಸುಬಿಯನ್ನು ಕಿರಾಣಿ ಅಂಗಡಿಯಲ್ಲಿ ಕೊಳ್ಳುತ್ತಾರೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನಿಗೆ ರಾಜ್ಯದಲ್ಲಿ ನಿಷೇಧವಿದೆ. ಮಣ್ಣಿನ ಗಣಪನನ್ನೇ ಕೂರಿಸಿ ಎಂದು ಪ್ರತಿ ವರ್ಷ ಪ್ರಚಾರವೂ ನಡೆಯುತ್ತದೆ, ಒಳ್ಳೆಯದೇ. ಅದೇ ಕಾಳಜಿ ಮಣ್ಣಿನ ಸಾಲಿನ ಉಳಿದ ನಾಲ್ವರಿಗೂ ಸಿಗಬೇಕು. ಆಷಾಢದ ಒಂದು ಮಂಗಳವಾರ ಊರಿನ ಪ್ರಾಥಮಿಕ ಶಾಲೆಗೆ ಇಂಥ ಅಜ್ಜಿಯರನ್ನು ಕರೆಸಿ, ಮಕ್ಕಳ ಕೈಗೆ ಮಣ್ಣು, ಕಾಳು ಕೊಟ್ಟರೆ ಖರ್ಚು ಏನೂ ಇಲ್ಲ. ಹೊಲ ಇದ್ದವರಲ್ಲಿ ಒಂದು ಕೋರಿಕೆ: ಈ ಹಿಂಗಾರಿಗೆ ಅಂಚಿಗೆ ಎರಡು ಸಾಲು ಕುಸುಬಿ ಹಾಕಿ, ಮುಂದಿನ ಮುಂಗಾರಿಗೆ ಒಂದು ಅಕ್ಕಡಿ ಗುರೆಳ್ಳು ಬಿತ್ತಿ. ಮನೆಯ ಹೆಣ್ಣುಮಕ್ಕಳ ಹಬ್ಬಕ್ಕೆ ಬೇಕಾದದ್ದು ಅಷ್ಟೇ.