ಒಂದು ಉಸಿರಿಗೆ 1.8 ಕಿಲೋಮೀಟರ್

ಅಕ್ಟೋಬರ್ 17ಕ್ಕೋ 18ಕ್ಕೋ ತುಲಾ ಸಂಕ್ರಮಣ. ಮರುದಿನದ ಪತ್ರಿಕೆಯ ಮುಖಪುಟ ತಲಕಾವೇರಿಗೆ ಮೀಸಲು: ಕುಂಡಿಕೆಯಲ್ಲಿ ತೀರ್ಥ ಉಕ್ಕಿದ ಗಳಿಗೆ, ಕೊಡ ಹಿಡಿದು ನಿಂತ ಜನ. ಸುಳ್ಯ ತಾಲ್ಲೂಕಿನ ಅರಂತೋಡಿನ ಸುದ್ದಿ ಒಳಪುಟದಲ್ಲಿಯೂ ಇರುವುದಿಲ್ಲ. ಇಲ್ಲಿ ಅಂದು ತುಳುವಿನ ಬೊಂತೆಲ್ ತಿಂಗಳು ಹುಟ್ಟುತ್ತದೆ, ಮಾಣಿ–ಮೈಸೂರು ಹೆದ್ದಾರಿಯಲ್ಲಿ ಬಸ್ಸುಗಳು ಎಂದಿನಂತೆ ಹೋಗುತ್ತವೆ, ಮೊದಲ ಕೊಯ್ಲಿನ ಅಡಿಕೆ ಕೆಲವು ಅಂಗಳಗಳಿಗೆ ಬಂದಿರುತ್ತದೆ. ಇಷ್ಟೇ. ಇಂಥ ಏನೂ ನಡೆಯದ ದಿನದ ಮೇಲೆಯೇ ಲೆಕ್ಕ ಹಾಕಿ ನೋಡಬೇಕು. ದೊಡ್ಡ ಸಂಖ್ಯೆಗಳನ್ನು ಆಕಾಶದಲ್ಲಿ, ಬ್ಯಾಂಕಿನಲ್ಲಿ, ಬಜೆಟ್ಟಿನಲ್ಲಿ ಕಂಡರೆ ನಮಗೆ ಏನೂ ಅನಿಸುವುದಿಲ್ಲ. ಅವು ಒಂದು ಎಕರೆಯೊಳಗೆ, ಒಂದು ಮಧ್ಯಾಹ್ನದೊಳಗೆ ಬಂದು ಕೂತಾಗ ಮಾತ್ರ ಬೆಚ್ಚಿಬೀಳುತ್ತೇವೆ.

ಮೊದಲು ಪಂಚಾಂಗ. ನಮ್ಮ ಸಂಕ್ರಮಣಗಳು ನಕ್ಷತ್ರಗಳನ್ನು ನಂಬಿದವು, ಋತುಗಳು ವಿಷುವವನ್ನು ನಂಬಿದವು. ಎರಡರ ವರ್ಷಗಳ ನಡುವೆ ಸುಮಾರು 20 ನಿಮಿಷದ ವ್ಯತ್ಯಾಸ. ಇಪ್ಪತ್ತು ನಿಮಿಷ ಏನು ಮಹಾ ಅನ್ನಬೇಡಿ, 71 ವರ್ಷಕ್ಕೆ ಅದು ಒಂದು ಪೂರಾ ದಿನವಾಗುತ್ತದೆ. ತುಂಬು ಬಾಳು ಬಾಳಿದ ಒಬ್ಬ ಅಜ್ಜ ಹುಟ್ಟಿದಾಗ ಇದ್ದ ತುಲಾ ಸಂಕ್ರಮಣಕ್ಕೂ ಹೋಗುವಾಗಿನದಕ್ಕೂ ಒಂದು ದಿನದ ಸರಿತ. ಈ ಸರಿತವನ್ನು ಅಳೆಯಲು ಈಗ ಬಳಕೆಯಲ್ಲಿರುವ ಲಾಹಿರಿ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ, ಕ್ರಿ.ಶ. 285ರ ಸುಮಾರಿಗೆ ತುಲಾ ಸಂಕ್ರಮಣವೂ ಹಗಲುರಾತ್ರಿ ಸಮವಾಗುವ ಶರದ್ವಿಷುವವೂ ಒಂದೇ ದಿನ ಬೀಳುತ್ತಿದ್ದವು. ಆಗ ಬನವಾಸಿಯಲ್ಲಿ ಮಯೂರಶರ್ಮ ಇನ್ನೂ ರಾಜ್ಯ ಕಟ್ಟಿರಲಿಲ್ಲ. ಈಗ ವಿಷುವ ಸೆಪ್ಟೆಂಬರ್ 22–23ರಲ್ಲೇ ಉಳಿದಿದೆ, ಸಂಕ್ರಮಣ ಮೂರೂವರೆ ವಾರ ಮುಂದೆ ಸರಿದಿದೆ. ಇನ್ನು 4,300 ವರ್ಷ ಕಳೆದರೆ ತೀರ್ಥೋದ್ಭವ ಡಿಸೆಂಬರ್ ನಡುವಿಗೆ ಬರುತ್ತದೆ, ತಲಕಾವೇರಿಗೆ ಹೋಗುವವರು ಸ್ವೆಟರ್ ಒಯ್ಯುವುದು ಒಳ್ಳೆಯದು. ಪೂರ್ತಿ ಒಂದು ಸುತ್ತು ಬರಲು ಹತ್ತಿರ ಹತ್ತಿರ 26,000 ವರ್ಷ ಬೇಕು.

ಪಂಚಾಂಗದ ಇನ್ನೊಂದು ಲೆಕ್ಕ ಇದಕ್ಕಿಂತ ಚಂದ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ವಿಘಳಿಗೆಗೆ 6 ಪ್ರಾಣ. ಪ್ರಾಣವೆಂದರೆ ಒಮ್ಮೆ ಉಸಿರೆಳೆದು ಬಿಡುವ ಕಾಲ, ಇಂದಿನ ಲೆಕ್ಕದಲ್ಲಿ ನಾಲ್ಕು ಸೆಕೆಂಡು. ಗುಣಿಸಿದರೆ ದಿನಕ್ಕೆ 21,600 ಉಸಿರು. ಆರೋಗ್ಯವಂತರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಈ ಲೆಕ್ಕಕ್ಕೆ ಸಿಗುವ 15 ಅದರ ನಡುವೆಯೇ ಇದೆ. ಆದರೆ ಸೂರ್ಯಸಿದ್ಧಾಂತದವರು ಈ ಸಂಖ್ಯೆಯನ್ನು ಎದೆಯ ಮೇಲೆ ಕೈಯಿಟ್ಟು ಎಣಿಸಿದ್ದಲ್ಲ. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ, ಒಟ್ಟು 21,600 ಕಲೆ. ಆಕಾಶ ಒಂದು ಕಲೆಯಷ್ಟು ತಿರುಗಲು ಬೇಕಾದ ಹೊತ್ತೇ ಒಂದು ಪ್ರಾಣ.

ಇದನ್ನು ನೆಲಕ್ಕೆ ಇಳಿಸಿ. ಸಮಭಾಜಕ ವೃತ್ತದಲ್ಲಿ ಒಂದು ಕಲೆ ಎಂದರೆ ಸುಮಾರು 1.85 ಕಿಲೋಮೀಟರ್. ಹಡಗಿನವರು ಇಂದಿಗೂ ಬಳಸುವ ನಾವಿಕ ಮೈಲಿ ಹುಟ್ಟಿದ್ದೂ ಇಂಥದೇ ಅಳತೆಯಿಂದ, ಉತ್ತರ–ದಕ್ಷಿಣ ಗೆರೆಯ ಮೇಲಿನ ಒಂದು ಕಲೆಯಿಂದ. ಅರಂತೋಡು ಸಮಭಾಜಕದಿಂದ ಹನ್ನೆರಡೂವರೆ ಅಂಶ ಉತ್ತರಕ್ಕಿರುವುದರಿಂದ ಇಲ್ಲಿ ಅದು 1.8 ಕಿಲೋಮೀಟರಿಗೆ ಇಳಿಯುತ್ತದೆ. ಅಂದರೆ ನೀವು ಒಮ್ಮೆ ಉಸಿರಾಡಿ ಮುಗಿಸುವಷ್ಟರಲ್ಲಿ ಊರಿಗೆ ಊರೇ, ಶಾಲೆ, ಅಂಗಡಿ, ತೋಟ, ಪಯಸ್ವಿನಿ ಹೊಳೆ ಸಮೇತ, 1.8 ಕಿಲೋಮೀಟರ್ ಪೂರ್ವಕ್ಕೆ ಹೋಗಿಯಾಯಿತು. ಮಡಿಕೇರಿಗೆ ಹೋಗುವ ಬಸ್ಸು ಹತ್ತು ನಿಮಿಷ ತಡವಾಯಿತು ಅಂತ ಗೊಣಗುತ್ತಾ ನಿಂತವರನ್ನು ಭೂಮಿ ಆ ಹತ್ತು ನಿಮಿಷದಲ್ಲಿ ತನ್ನ ಸುತ್ತ 270 ಕಿಲೋಮೀಟರ್ ತಿರುಗಿಸಿರುತ್ತದೆ, ಸೂರ್ಯನ ಸುತ್ತ 17,800 ಕಿಲೋಮೀಟರಿಗೂ ಹೆಚ್ಚು ಕೊಂಡೊಯ್ದಿರುತ್ತದೆ. ದಿನವಿಡೀ ಲೆಕ್ಕ ಹಿಡಿದರೆ ಸೂರ್ಯನ ಸುತ್ತಲಿನ ಪಯಣ 25 ಲಕ್ಷ 70 ಸಾವಿರ ಕಿಲೋಮೀಟರ್. ಟಿಕೆಟ್ ಇಲ್ಲ ಮಾರಾಯ್ರೆ.

ಅಂದ ಹಾಗೆ, ಸಂಕ್ರಮಣದ ದಿನ ಅರಂತೋಡಿನಲ್ಲಿ ಸೂರ್ಯ ನಡುನೆತ್ತಿಯ ಗೆರೆ ದಾಟುವುದು ಹನ್ನೆರಡಕ್ಕಲ್ಲ, 12 ಗಂಟೆ 14 ನಿಮಿಷದ ಸುಮಾರಿಗೆ. ದೇಶದ ಗಡಿಯಾರ ಮಿರ್ಜಾಪುರದ ಬಳಿಯ 82.5 ಅಂಶ ರೇಖಾಂಶಕ್ಕೆ ಹೊಂದಿಸಿದ್ದು, ನಾವು ಅದಕ್ಕಿಂತ ಏಳು ಅಂಶ ಪಶ್ಚಿಮಕ್ಕಿದ್ದೇವೆ, ಅಂಶಕ್ಕೆ ನಾಲ್ಕು ನಿಮಿಷದಂತೆ 28 ನಿಮಿಷ ಹಿಂದೆ. ಭೂಮಿಯ ಓಟ ವರ್ಷವಿಡೀ ಒಂದೇ ಸಮನಿಲ್ಲದ್ದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಆ 28ರಲ್ಲಿ 14 ನಿಮಿಷವನ್ನು ಅಕ್ಟೋಬರ್ ಮರಳಿ ಕೊಡುತ್ತದೆ. ಫೆಬ್ರವರಿಯಲ್ಲಿ ಅಷ್ಟನ್ನೇ ಕಿತ್ತುಕೊಳ್ಳುತ್ತದೆ, ಆಗ ಮಧ್ಯಾಹ್ನವಾಗುವುದು 12:42ಕ್ಕೆ. ಊಟದ ಹೊತ್ತನ್ನು ಇದಕ್ಕೆ ತಕ್ಕಂತೆ ಬದಲಿಸಿದವರನ್ನು ನಾನು ಕಂಡಿಲ್ಲ.

ಶರತ್ಕಾಲ ಎಂದೊಡನೆ ಯುರೋಪು, ಅಮೆರಿಕದ ಚಿತ್ರಗಳಲ್ಲಿ ಕೆಂಪು ಎಲೆಗಳು ಉದುರುತ್ತವೆ. ನಮ್ಮ ಅಡಿಕೆ ಮರಕ್ಕೆ ಎಲೆ ಉದುರಿಸುವ ಕಾಲ ಅಂತ ಬೇರೆ ಇಲ್ಲ. ಒಂಬತ್ತು ಅಡಿಗೊಂದರಂತೆ ನೆಟ್ಟ ಎಕರೆಯಲ್ಲಿ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಆರು ಸೋಗೆ ಬೀಳಿಸುತ್ತದೆ ಎಂದರೂ 3,240 ಆಯಿತು. ದಿನಕ್ಕೆ ಒಂಬತ್ತು ಸೋಗೆ, ವರ್ಷವಿಡೀ ರಜೆಯಿಲ್ಲದೆ. ಬಿದ್ದ ಒಂದೊಂದು ಸೋಗೆಯೂ ಮರದ ಮೈಮೇಲೆ ಒಂದು ಉಂಗುರ ಬಿಟ್ಟು ಹೋಗುವುದರಿಂದ ತೋಟದ ಈ ಜಮಾಖರ್ಚನ್ನು ಮರವೇ ಬರೆದಿಟ್ಟುಕೊಳ್ಳುತ್ತದೆ. ಆ 540 ಮರಗಳು ತಲಾ ಎರಡು ಕಿಲೋ ಚಾಲಿ ಕೊಟ್ಟು, ಒಣಗಿಸಿ ಸುಲಿದ ಅಡಿಕೆಯೊಂದು ಎಂಟು ಗ್ರಾಂ ತೂಗಿದರೆ, ಒಂದು ಎಕರೆಯಿಂದ ಹತ್ತಿರ ಹತ್ತಿರ 1 ಲಕ್ಷ 35 ಸಾವಿರ ಅಡಿಕೆ. ಯಂತ್ರ ಬರುವ ಮುಂಚೆ ಇವಿಷ್ಟನ್ನೂ ಮೆಟ್ಟುಕತ್ತಿಯ ಮುಂದೆ ಕೂತು ಒಂದೊಂದಾಗಿ ಸುಲಿಯುತ್ತಿದ್ದರು ಎಂಬುದನ್ನು ನೆನೆದರೆ ಭೂಮಿಯ ಓಟಕ್ಕಿಂತ ಇದೇ ನನಗೆ ಹೆಚ್ಚು ದಂಗುಬಡಿಸುತ್ತದೆ.

ಚಾಲಿಯಾಗಲು ಅಡಿಕೆ ಸುಮಾರು ನಲವತ್ತು ದಿನ ಬಿಸಿಲು ಕಾಯಬೇಕು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ನೆಲಕ್ಕೆ ಐದು ಯೂನಿಟ್ಟಿನಷ್ಟು ಶಕ್ತಿ ಇಳಿಯುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಸಾವಿರ ಚದರ ಅಡಿಯ ಅಂಗಳಕ್ಕೆ ಒಂದು ದಿನದಲ್ಲಿ 465 ಯೂನಿಟ್. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಉಚಿತವಾಗಿ ಸಿಗುವುದು ಹೆಚ್ಚೆಂದರೆ 200. ಎರಡು ತಿಂಗಳಿಗೂ ಮೀರಿದ್ದು ಬೆಳಗಿನಿಂದ ಸಂಜೆಯೊಳಗೆ ಅಂಗಳಕ್ಕೆ ಬಿದ್ದಿರುತ್ತದೆ.

ಅಡಿಕೆ ಹರಡಿದ ಅಂಗಳಗಳ ಮೇಲೆ ಈ ದಿನಗಳಲ್ಲಿ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿರುತ್ತವೆ. ವಿಜ್ಞಾನಿಗಳ ಪ್ಯಾಂಟಾಲಾ ಫ್ಲೇವೆಸೆನ್ಸ್. ಮಕ್ಕಳು ಬಾಲಕ್ಕೆ ನೂಲು ಕಟ್ಟಲು ಹೋಗುವ, ಅರ್ಧ ಗ್ರಾಂ ಕೂಡ ತೂಗದ ಜೀವಿ. ಮಾಲ್ಡೀವ್ಸ್‌ನಲ್ಲಿದ್ದ ಕಡಲಜೀವ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅಲ್ಲಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬಂದಿಳಿಯುವುದನ್ನು ಗಮನಿಸಿದರು. ಮೊಟ್ಟೆಯಿಡಲು ನಿಂತ ಸಿಹಿನೀರೇ ಇಲ್ಲದಂಥ ದ್ವೀಪಗಳಿಗೆ ಇವು ಬರುವುದಾದರೂ ಏಕೆ? 2009ರಲ್ಲಿ ಆಂಡರ್ಸನ್ ಕೊಟ್ಟ ಉತ್ತರ: ಅವು ಅಲ್ಲಿಗೆ ಬಂದದ್ದಲ್ಲ, ದಾಟಿ ಹೋಗುತ್ತಿರುವುದು. ಭಾರತದಿಂದ ಹೊರಟು, ಮೇಲಿನ ಈಶಾನ್ಯ ಗಾಳಿಯನ್ನು ಹಿಡಿದು, ಕಡಲಿನ ಮೇಲೆ ಪೂರ್ವ ಆಫ್ರಿಕಾಕ್ಕೆ. ಹೋಗಿ ಬರುವ ದಾರಿ 14,000ದಿಂದ 18,000 ಕಿಲೋಮೀಟರ್ ಇರಬೇಕೆಂದು ಅವರ ಅಂದಾಜು. ಒಂದೇ ಚಿಟ್ಟೆ ಹೋಗಿ ಬರುವುದಿಲ್ಲ, ನಾಲ್ಕು ತಲೆಮಾರು ಸೇರಿ ಸುತ್ತು ಮುಗಿಸುತ್ತವೆ. ಮುಂಗಾರಿನಲ್ಲಿ ನಮ್ಮಲ್ಲಿಗೆ ಬರುವುದು ಹೊರಟವರ ಮೊಮ್ಮಕ್ಕಳು, ಮರಿಮಕ್ಕಳು.

ಮಧ್ಯಾಹ್ನ ಮೂರರ ಮೇಲೆ ಪೂರ್ವದ ಘಟ್ಟ ಕಪ್ಪಾಗುತ್ತದೆ. ಹಿಂಗಾರಿನ ಗುಡುಗು. ಮಿಂಚು ಕಂಡ ಮೇಲೆ ಸದ್ದು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಹದಿನೈದು ಎಣಿಸಿದಿರೋ, ಐದು ಕಿಲೋಮೀಟರ್. ಮೋಡ ಗಂಟೆಗೆ 30 ಕಿಲೋಮೀಟರಿನಂತೆ ಇತ್ತಲೇ ಬರುತ್ತಿದ್ದರೆ ಅಡಿಕೆ ಬಾಚಿ ಟಾರ್ಪಾಲು ಎಳೆಯಲು ಹತ್ತು ನಿಮಿಷ. ಮಿಂಚಿನ ದಾರಿಯಲ್ಲಿ ಗಾಳಿ 30,000 ಡಿಗ್ರಿ ಸೆಲ್ಸಿಯಸ್ಸಿನವರೆಗೆ, ಸೂರ್ಯನ ಮೇಲ್ಮೈಯ ಐದು ಪಟ್ಟು, ಬಿಸಿಯಾಗುತ್ತದೆ. ಜಗತ್ತಿನಲ್ಲಿ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಮಿಂಚು, ದಿನಕ್ಕೆ 35 ಲಕ್ಷದ ಮೇಲೆ. ಅಂಗಳದಲ್ಲಿ ಅಡಿಕೆ ಇದ್ದವರಿಗೆ ಅದರಲ್ಲಿ ಒಂದೇ ಸಾಕು.

ಆಮೇಲೆ ಮಳೆ. ಅರ್ಧ ಗಂಟೆ ಸುರಿದು ಒಂದು ಸೆಂಟಿಮೀಟರ್ ಆಯಿತೆನ್ನಿ, ಜುಲೈ ಕಂಡ ಈ ಊರಿಗೆ ಅದು ಮಳೆಯೇ ಅಲ್ಲ. ಒಂದು ಎಕರೆಗೆ ಆ ಒಂದು ಸೆಂಟಿಮೀಟರ್ ಎಂದರೆ 40,470 ಲೀಟರ್ ನೀರು. ಎರಡು ಮಿಲಿಮೀಟರ್ ದಪ್ಪದ ಹನಿಗಳಲ್ಲಿ ಎಣಿಸಿದರೆ 966 ಕೋಟಿ ಹನಿ. ಭೂಮಿಯ ಮೇಲಿನ ಮನುಷ್ಯರು ಎಂಟುನೂರು ಚಿಲ್ಲರೆ ಕೋಟಿ. ತಲೆಗೊಂದು ಹನಿ ಹಂಚಿದರೂ ಒಂದು ಎಕರೆಯ ಅರ್ಧ ಗಂಟೆಯ ಮಳೆ ಮಿಗುತ್ತದೆ.

ವರ್ಷದ್ದು ಹೇಳುವುದಾದರೆ, ಈ ಸೀಮೆಯಲ್ಲಿ ಸಾಧಾರಣ 4,000 ಮಿಲಿಮೀಟರ್, ಎಕರೆಗೆ 1 ಕೋಟಿ 60 ಲಕ್ಷ ಲೀಟರ್. ಕಾವೇರಿ ಜಗಳದಿಂದ ಎಲ್ಲರಿಗೂ ಬಾಯಿಪಾಠವಾದ ಟಿಎಂಸಿ ಇದೆಯಲ್ಲ, ನೂರು ಕೋಟಿ ಘನ ಅಡಿ, ಅದು 2,832 ಕೋಟಿ ಲೀಟರ್. ಭಾಗಿಸಿದರೆ 1,750 ಎಕರೆ. ಇಲ್ಲಿನ ಏಳು ಚದರ ಕಿಲೋಮೀಟರ್ ಗುಡ್ಡ, ತೋಟಗಳ ಮೇಲೆ ವರ್ಷಕ್ಕೆ ಬೀಳುವುದೇ ಒಂದು ಟಿಎಂಸಿ! 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಇಂಥ 104 ಚದರ ಕಿಲೋಮೀಟರಿನ ಮಳೆ. ತಲಕಾವೇರಿಗೆ ಅರಂತೋಡಿನಿಂದ ನೇರ ಗೆರೆ ಎಳೆದರೆ 20 ಕಿಲೋಮೀಟರ್ ಕೂಡ ಇಲ್ಲ. ಆದರೆ ಬೆಟ್ಟದ ನೆತ್ತಿಯ ಆಚೆ ಬಿದ್ದ ಹನಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರಬೇಕು, ದಾರಿಯಲ್ಲಿ ಕೆಆರ್‌ಎಸ್, ಮೆಟ್ಟೂರು, ವಕೀಲರು. ಈಚೆ ಪಟ್ಟಿಘಾಟ್ ಕಾಡಿನಲ್ಲಿ ಬಿದ್ದದ್ದು ಪಯಸ್ವಿನಿಯಾಗಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ, 105 ಕಿಲೋಮೀಟರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಗಂಟೆಗೆ ಮೂರು ಕಿಲೋಮೀಟರ್ ಹರಿದರೆ ಒಂದೂವರೆ ದಿನದ ದಾರಿ. ಇದಕ್ಕಾಗಿ ಯಾರೂ ಕೋರ್ಟಿಗೆ ಹೋದದ್ದನ್ನು ನಾನು ಕೇಳಿಲ್ಲ.

ಸುಳ್ಯ, ಪುತ್ತೂರು ಕಡೆ ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಶಕಗಳಿಂದ ಲೆಕ್ಕ ಬರೆಯುತ್ತಾ ಬಂದ ಕೃಷಿಕರಿದ್ದಾರೆ. ಮರುದಿನ ಬೆಳಿಗ್ಗೆ ಅರಂತೋಡಿನಲ್ಲಿರುವ ಅಂಥವರು ಆ 966 ಕೋಟಿ ಹನಿಗಳನ್ನು ಪುಸ್ತಕದಲ್ಲಿ ‘10’ ಎಂದು ಬರೆಯುತ್ತಾರೆ, ಮಿಲಿಮೀಟರಿನಲ್ಲಿ. ಬರೆದು ಘಟ್ಟದ ಕಡೆಯ ಸಂಪಾಜೆಗೆ ಫೋನ್ ಮಾಡಿದರೆ ಅಲ್ಲಿ 42 ಇದ್ದೀತು. ತುಲಾ ತಿಂಗಳ ಮಳೆಯ ಬುದ್ಧಿಯೇ ಹಾಗೆ: ಇತ್ತ ಸುಳ್ಯ ಪೇಟೆಯ ಬಳಿ ಅದೇ ಸಂಜೆ ಅಡಿಕೆ ಅಂಗಳದಲ್ಲೇ ಒಣಗುತ್ತಿದ್ದು, ಅಲ್ಲಿನವರ ಪುಸ್ತಕದಲ್ಲಿ ಸೊನ್ನೆ ಇರುವುದೂ ಉಂಟು.