ಕೀಲೆಣ್ಣೆಯ ಆಯುಸ್ಸು

ಕೀಲಿಗೆರೆಯುವ ಎಣ್ಣೆಗೆ ಕೀಲೆಣ್ಣೆಯೆಂದು ಹೆಸರು. ಚಕ್ಕಡಿಯ ಅಚ್ಚಿಗೆ ಔಡಲೆಣ್ಣೆಯನ್ನು ಹಾಕುವ ರೂಢಿಯು ನಮ್ಮ ದೇಶದಲ್ಲಿ ಬಹುಕಾಲದಿಂದ ಬಂದುದು. ಮೋಟಾರು ಯಂತ್ರಗಳ ಆರಂಭಕಾಲದಲ್ಲಿಯೂ ಈ ಎಣ್ಣೆಗೆ ಮನ್ನಣೆಯಿದ್ದಿತು; 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು ತನ್ನ ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರನ್ನಿಟ್ಟುದು ಔಡಲದ ಇಂಗ್ಲಿಷ್ ನಾಮವಾದ ಕ್ಯಾಸ್ಟರ್ ಎಂಬುದರಿಂದಲೇ.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬನ್ನು ಕಾರಖಾನೆಗೆ ಸಾಗಿಸುವ ಕೆಲಸವು ಬಹುಮಟ್ಟಿಗೆ ಟ್ರ್ಯಾಕ್ಟರಿನದಾಗಿದೆ. ಅದರ ಡೀಸೆಲ್ ಯಂತ್ರಕ್ಕೆ ಸಾಧಾರಣವಾದ ಖನಿಜತೈಲವು ಸಾಕೋ, ಬೆಲೆ ಹೆಚ್ಚಾದ ಸಿಂಥೆಟಿಕ್ ತೈಲವು ಬೇಕೋ, ಯಾವುದನ್ನಾದರೂ ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕೋ ಎಂಬುದು ವಿಚಾರಣೀಯವಾಗಿದೆ. ಹಂಗಾಮಿನ ನಡುವೆ ಯಂತ್ರವು ಕೆಟ್ಟು ನಿಂತರೆ ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುವುದು.

ಖನಿಜತೈಲವು ನೆಲದೊಳಗಿನ ಕಚ್ಚಾ ಎಣ್ಣೆಯನ್ನು ಶುದ್ಧಿಗೊಳಿಸಿ ತೆಗೆದುದು. ಅದರ ಅಣುಗಳು ಒಂದೇ ಪ್ರಮಾಣದವಲ್ಲ. ಸಿಂಥೆಟಿಕ್ ತೈಲದಲ್ಲಿಯಾದರೋ ಅಣುಗಳನ್ನು ರಸಾಯನಕ್ರಿಯೆಯಿಂದ ಹೆಚ್ಚು ಸಮನಾಗಿ ರಚಿಸಿರುವರು. ಆದುದರಿಂದ ಇದು ಚಳಿಯಲ್ಲಿ ಬೇಗನೆ ಹರಿಯುವುದು, ಕಾವಿನಲ್ಲಿ ಬೇಗನೆ ಕೆಡದು. ಇವುಗಳಲ್ಲಿ ಮೊದಲನೆಯ ಗುಣದಿಂದ ಹಿಮಬೀಳದ ಈ ಸೀಮೆಗೆ ಆಗುವ ಲಾಭವು ಅಲ್ಪ. ಎರಡನೆಯದು ಭಾರವೆಳೆಯುವ ಯಂತ್ರಕ್ಕೆ ನಿಜವಾಗಿ ಉಪಕಾರಿ.

ಆದರೆ ಎಣ್ಣೆಯು ಕೆಡುವುದು ಕಾವಿನಿಂದ ಮಾತ್ರವಲ್ಲ. ಡೀಸೆಲ್ ಉರಿದ ಮಸಿ, ಹೊಲದ ಹಾದಿಯ ಧೂಳು, ಉರಿಯದೆ ಉಳಿದ ಇಂಧನ, ಇವು ಎರಡು ಬಗೆಯ ಎಣ್ಣೆಗಳಲ್ಲಿಯೂ ಸೇರುವುವು. ಮಸಿಯನ್ನು ಗಡ್ಡೆಗಟ್ಟದಂತೆ ಹಿಡಿದಿಡುವುದಕ್ಕಾಗಿ ಬೆರೆಸಿದ ದ್ರವ್ಯಗಳೂ ದಿನಕಳೆದಂತೆ ಸವೆಯುವುವು. ಎಣ್ಣೆಯು ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಲಾಗದು. ಮಸಿಯನ್ನು ಹೊತ್ತು ತನ್ನ ಕೆಲಸವನ್ನು ಮಾಡುತ್ತಿದೆಯೆಂದೂ ಅದರ ಅರ್ಥವಾಗಬಹುದು. ಹಾಗೆಯೇ ತಿಳಿಯಾಗಿ ಕಂಡುದು ಗಟ್ಟಿಯಾಗಿದೆಯೆಂದೂ ಹೇಳಲಾಗದು.

ಆದಕಾರಣ ಕಾಲನಿರ್ಣಯಕ್ಕೆ ಬಣ್ಣವಾಗಲಿ ತಿಂಗಳುಗಳಾಗಲಿ ಸಾಲವು. ಯಂತ್ರವು ದುಡಿದ ತಾಸುಗಳೇ ಮುಖ್ಯ ಪ್ರಮಾಣ. ಅನೇಕ ಟ್ರ್ಯಾಕ್ಟರುಗಳ ಕೈಪಿಡಿಗಳಲ್ಲಿ 250 ತಾಸುಗಳಿಗೊಮ್ಮೆ ಬದಲಿಸಬೇಕೆಂದಿದೆ. ದಿನಕ್ಕೆ 10 ತಾಸಿನಂತೆ ಕಬ್ಬು ಸಾಗಿಸಿದರೆ ಈ ಅವಧಿಯು 25 ದಿನಗಳಲ್ಲಿ ಮುಗಿಯುವುದು. ಹಂಗಾಮಿಗೊಮ್ಮೆ ಬದಲಿಸುವವನು ಎಷ್ಟು ತಡಮಾಡಿದನೆಂಬುದು ಇದರಿಂದ ಸ್ಪಷ್ಟ. ಕೈಪಿಡಿಯು ಹೇಳಿದ ದರ್ಜೆಯ ಖನಿಜತೈಲವನ್ನು ಸಕಾಲದಲ್ಲಿ ಫಿಲ್ಟರಿನೊಡನೆ ಬದಲಿಸುವುದು, ಸಿಂಥೆಟಿಕ್ ತೈಲವನ್ನು ಹಾಕಿ ಅವಧಿ ಮೀರಿಸುವುದಕ್ಕಿಂತ ಮೇಲು. ಕಡಮೆಯಾದಷ್ಟು ಹೊಸ ಎಣ್ಣೆಯನ್ನು ತುಂಬುವುದೂ ಬದಲಾವಣೆಯೆನಿಸದು. ಹಳೆಯ ಮಸಿಯೂ ಧೂಳೂ ಒಳಗೆಯೇ ಉಳಿದಿರುವುವಷ್ಟೆ.