ಇಬ್ಬರ ನಡುವಿನ ಬೆಲೆ

ಮಾರುವವರೂ ಕೊಳ್ಳುವವರೂ ಅನೇಕರಿರುವ ಪೇಟೆಯಲ್ಲಿ ಬೇಡಿಕೆ ಮತ್ತು ಪೂರೈಕೆಗಳೇ ಬೆಲೆಯನ್ನು ನಿರ್ಧರಿಸುತ್ತವೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಮಾರುವವನು ಒಬ್ಬನೇ, ಕೊಳ್ಳುವವನೂ ಒಬ್ಬನೇ ಆದಾಗ ಬೆಲೆಯನ್ನು ಗೊತ್ತುಪಡಿಸುವುದು ಯಾವುದು?

ನಮ್ಮ ದನಗಳ ಜಾತ್ರೆಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವುಂಟು. ನೂರಾರು ಜನ ನೆರೆದಿದ್ದರೂ ವ್ಯಾಪಾರ ಕುದುರಿಸುವವರು ಟುವಾಲಿನ ಮರೆಯಲ್ಲಿ ಪರಸ್ಪರರ ಬೆರಳುಗಳನ್ನು ಹಿಡಿದು ಬೆಲೆಯನ್ನು ಸೂಚಿಸುವ ವಾಡಿಕೆಯಿದೆ. ಬಾಯಿಂದ ಅಂಕೆ ಹೊರಡದು, ಸುತ್ತಲಿನವರಿಗೆ ತಿಳಿಯದು. ಹೀಗೆ ಅನೇಕರ ಪೇಟೆಯು ಆ ಗಳಿಗೆಯಲ್ಲಿ ಇಬ್ಬರ ಪೇಟೆಯಾಗುತ್ತದೆ.

ರೈತನು ತನ್ನ ಜೋಡಿ ಎತ್ತುಗಳನ್ನು 90,000 ರೂಪಾಯಿಗಿಂತ ಕಡಿಮೆಗೆ ಕೊಡಲೊಲ್ಲನು. ಕೊಳ್ಳುವವನು 1,10,000 ರೂಪಾಯಿಗಿಂತ ಹೆಚ್ಚು ತೆರಲೊಲ್ಲನು ಎಂದಿಟ್ಟುಕೊಳ್ಳೋಣ. ಇವೆರಡರ ನಡುವಣ ಯಾವ ಬೆಲೆಯೂ ಇಬ್ಬರಿಗೂ ಲಾಭಕರವೇ. ನಡುವೆ ಉಳಿದ 20,000 ರೂಪಾಯಿಗಳಲ್ಲಿ ಯಾರಿಗೆಷ್ಟು ಪಾಲು ಎಂಬುದೇ ಪ್ರಶ್ನೆ. ಆದುದರಿಂದ ಪ್ರತಿಯೊಬ್ಬನೂ ತನ್ನ ಎಲ್ಲೆಯನ್ನು ಬಚ್ಚಿಟ್ಟು ಎದುರಿನವನ ಎಲ್ಲೆಯನ್ನು ಊಹಿಸಲೆತ್ನಿಸುತ್ತಾನೆ. ಚೌಕಾಶಿಯ ಮರ್ಮ ಇದೇ.

ಇಂಥ ವ್ಯವಹಾರದಲ್ಲಿ ಬೆಲೆ ಇಷ್ಟೇ ಎಂದು ನಿಶ್ಚಯಿಸಿ ಹೇಳಲು ಬಾರದೆಂದು ಎಜ್‌ವರ್ತ್ ಎಂಬ ವಿದ್ವಾಂಸನು 1881ರಲ್ಲಿಯೇ ಪ್ರತಿಪಾದಿಸಿದನು. ಮಧ್ಯಸ್ಥಿಕೆಯ ಅಗತ್ಯವನ್ನೂ ಎತ್ತಿ ತೋರಿದನು. ಮಾತುಕತೆ ಮುರಿದುಬಿದ್ದರೆ ಯಾರ ಸ್ಥಿತಿ ಏನಾಗುವುದೆಂಬ ಅಂಶವನ್ನು ಲೆಕ್ಕಕ್ಕೆ ತಂದು, ಕೆಲವು ನಿಯಮಗಳ ಮೇಲೆ ಹಂಚಿಕೆಯನ್ನು ಗೊತ್ತುಪಡಿಸುವ ಮಾರ್ಗವನ್ನು ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ತೋರಿಸಿದನು. ಇಬ್ಬರೂ ಸರದಿಯಂತೆ ಬೆಲೆ ಹೇಳುತ್ತ ಹೋದಾಗ, ಹೆಚ್ಚು ಕಾಲ ಕಾಯಬಲ್ಲವನಿಗೆ ಹೆಚ್ಚಿನ ಪಾಲು ಸಲ್ಲುತ್ತದೆಂದು ಏರಿಯಲ್ ರೂಬಿನ್‌ಸ್ಟೈನ್ 1982ರಲ್ಲಿ ಸಿದ್ಧಪಡಿಸಿದನು.

ಈ ತತ್ತ್ವವನ್ನು ರೈತನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಬರಗಾಲದಲ್ಲಿ ಬಣವೆ ಬರಿದಾದಾಗ ಎತ್ತುಗಳನ್ನು ಮರಳಿ ಮನೆಗೆ ಹೊಡೆದುಕೊಂಡು ಹೋಗುವ ಧೈರ್ಯ ಅವನಿಗೆ ಉಳಿದಿರುವುದಿಲ್ಲ. ಎತ್ತುಗಳು ಅವೇ, ಅವುಗಳ ದುಡಿಮೆಯೂ ಅದೇ. ಎದುರಿನವನು ಕೊಡಬಲ್ಲ ಹಣವೂ ಅಷ್ಟೇ ಇರಬಹುದು. ಆದರೂ ಟುವಾಲಿನ ಮರೆಯಲ್ಲಿ ಬೆರಳು ಸಡಿಲುವುದು ಮಾರುವವನದೇ.

ಇಬ್ಬರೂ ಒಪ್ಪಿದರೆಂದ ಮಾತ್ರಕ್ಕೆ ಬೆಲೆ ನ್ಯಾಯವಾದುದೆನ್ನಲಾಗದು. ಒಪ್ಪದಿರುವ ಶಕ್ತಿ ಇಬ್ಬರಿಗೂ ಇದ್ದಿತೇ ಎಂದು ಕೇಳಬೇಕು. ಸಹಕಾರ ಸಂಘವು ಸಕಾಲಕ್ಕೆ ಕೊಡುವ ಸಾಲ, ಊರಿನ ಮೇವು ಬ್ಯಾಂಕು, ನೆರೆಯ ಜಾತ್ರೆಯ ದರದ ತಿಳಿವಳಿಕೆ, ಇವು ಎತ್ತಿನ ಬೆಲೆಯನ್ನು ನೇರವಾಗಿ ಏರಿಸುವುದಿಲ್ಲ. ಇನ್ನೂ ಎಂಟು ದಿನ ಕಾಯುವ ಬಲವನ್ನು ರೈತನಿಗೆ ಕೊಡುತ್ತವೆ. ಬೆಲೆ ಏರುವುದು ಆ ಬಲದಿಂದ.